ಹೆನ್ರಿ ಕ್ಯಾಡ್ಬರಿ: ಕಳೆದುಹೋದ ಪುಸ್ತಕನ ಮತ್ತೆ ಹೆಂಗೆ ಕಟ್ಟಿದ್ರು?

ಬೆಣ್ಣೆನಗರಿ_ಓದುಗ:
ನಮಸ್ಕಾರ ಎಲ್ರಿಗೂ, ದಾವಣಗೆರೇಲಿ ಎಂ.ಎ. ಮಾಡ್ತಿದೀನಿ, ಸೆಮಿನಾರ್‌ಗೆ ಕ್ವೇಕರ್ (ಯುದ್ಧ ಬೇಡ ಅನ್ನೋ ಒಂದು ಕ್ರೈಸ್ತ ಪಂಥ) ವಿದ್ವಾಂಸ ಹೆನ್ರಿ ಕ್ಯಾಡ್ಬರಿ (1883–1974) ಅವರನ್ನ ತಗೊಂಡಿದೀನಿ. ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ರು, ಅಮೆರಿಕದ ಕ್ವೇಕರ್ ಸೇವಾ ಸಂಸ್ಥೆ ಪರವಾಗಿ 1947ರ ನೊಬೆಲ್ ಶಾಂತಿ ಪ್ರಶಸ್ತಿ ಇಸ್ಕೊಂಡೋರು ಅನ್ನೋದು ಗೊತ್ತಾಯ್ತು. ಆದ್ರೆ ಜಾರ್ಜ್ ಫಾಕ್ಸ್ ಅವರ ಪವಾಡಗಳ ಪುಸ್ತಕ ಕಳೆದೇ ಹೋಗಿತ್ತಂತೆ, ಅದನ್ನ ಇವರು 1948ರಲ್ಲಿ ಅಚ್ಚು ಹಾಕಿಸಿದ್ರಂತೆ, ಮೂಲಾನೇ ಇಲ್ದೆ ಹೆಂಗೆ?

ದುರ್ಗದ_ಹಸ್ತಪ್ರತಿ:
ಒಳ್ಳೇ ವಿಷಯ ಹಿಡಿದಿದೀರಿ. ಫಾಕ್ಸ್ ಅಂದ್ರೆ ಕ್ವೇಕರ್ ಪಂಥ ಶುರು ಮಾಡಿದೋರು, 1691ರಲ್ಲಿ ತೀರ್ಕೊಂಡ್ರು, ಆಮೇಲೆ ಅವರ ಕಡೆಯೋರು ಕಾಗದಪತ್ರ ಎಲ್ಲ ವರ್ಷವಾರು ಪಟ್ಟಿ ಮಾಡಿದ್ರು. ಪವಾಡದ ಪುಸ್ತಕಕ್ಕೂ ಒಂದು ಸೂಚಿ ಇತ್ತು, ಒಂದೊಂದು ಪ್ರಸಂಗದ ಮೊದಲ ಪದಗಳು, ಕೊನೇ ಪದಗಳು, ಅಷ್ಟೇ. ಪುಸ್ತಕ ಹೋಯ್ತು, ಸೂಚಿ ಉಳೀತು. ನಮ್ಮ ತಾಳೆಗರಿ ಸೂಚಿಗಳಲ್ಲಿ ಆದಿ, ಅಂತ್ಯ ಅಂತ ಒಂದೆರಡು ಸಾಲು ಕೊಟ್ಟಿರ್ತಾರಲ್ಲ, ಹಂಗೇನೇ. ಕಟ್ಟು ಗೆದ್ದಲು ಪಾಲಾದ್ರೂ ಆ ಎರಡು ಸಾಲು ಸಿಕ್ರೆ ಬೇರೆ ಪ್ರತಿ ಗುರುತು ಹಿಡೀಬಹುದು. ಕ್ಯಾಡ್ಬರಿ ಆ ತುದಿ ಈ ತುದಿ ಪದ ಹಿಡ್ಕೊಂಡು ಫಾಕ್ಸ್ ಅವರ ಆತ್ಮಕಥನ, ಪತ್ರ ಎಲ್ಲ ಜಾಲಾಡಿದ್ರು, ಸಿಕ್ಕಿದ್ದನ್ನ ಜೋಡಿಸಿದ್ರು, ಸಿಗದೇ ಇದ್ದದ್ದನ್ನ ತುಣುಕಾಗೇ ಬಿಟ್ರು, ತಾವಾಗಿ ಒಂದು ಸಾಲೂ ಹೊಸೆದು ಸೇರಿಸ್ಲಿಲ್ಲ. ನನಗೆ ಅವರ ಮೇಲೆ ಗೌರವ ಇರೋದೇ ಇದಕ್ಕೆ.

ಜಗಳೂರು_ಮೇಷ್ಟ್ರು:
ತಮ್ಮಾ, ಕ್ಯಾಡ್ಬರಿ ಅವರ ಪಿಎಚ್‌ಡಿ ಕೆಲಸಾನೂ ಸೇರಿಸ್ಕೋ. ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳೋ ಸುವಾರ್ತೆಗಳಲ್ಲಿ ಒಂದನ್ನ ಬರೆದ ಲೂಕ ವೈದ್ಯ, ಅವನ ಸುವಾರ್ತೆ ತುಂಬ ವೈದ್ಯರ ಭಾಷೆ ಐತೆ ಅಂತ ಆಗ ನಂಬಿದ್ರು, ಇವರು ಅದೇ ಪದಗಳನ್ನ ವೈದ್ಯರಲ್ಲದ ಗ್ರೀಕ್ ಲೇಖಕರಲ್ಲೂ ತೋರಿಸಿ ಆ ವಾದ ಬೀಳಿಸಿದ್ರು. ಇನ್ನೊಂದು, 1918ರಲ್ಲಿ ಯುದ್ಧ ಇನ್ನೂ ನಡೀತಿರುವಾಗ್ಲೇ ಜರ್ಮನ್ನರ ಮೇಲಿನ ದ್ವೇಷ ಸಾಕು ಅಂತ ಪತ್ರಿಕೆಗೆ ಬರೆದ್ರು, ಗಲಾಟೆ ಆಗಿ ಹ್ಯಾವರ್‌ಫರ್ಡ್ ಕಾಲೇಜಿನ ಕೆಲಸ ಬಿಡಬೇಕಾಯ್ತು. ಅದೂ ಕ್ವೇಕರ್‌ಗಳೇ ಕಟ್ಟಿದ ಕಾಲೇಜು, ನೋವಾಗುತ್ತೆ ಓದಿದ್ರೆ.

ಬೆಣ್ಣೆನಗರಿ_ಓದುಗ:
ತುಂಬಾ ಥ್ಯಾಂಕ್ಸ್ ಸರ್. ಅವರ ಪತ್ರಗಳು, ಟಿಪ್ಪಣಿಗಳು ಎಲ್ಲಿವೆ?

ದುರ್ಗದ_ಹಸ್ತಪ್ರತಿ:
ಅದೇ ಹ್ಯಾವರ್‌ಫರ್ಡ್ ಲೈಬ್ರರೀಲಿ, ಕ್ವೇಕರ್ ಸಂಗ್ರಹದಲ್ಲಿ. ಮೊದಲು ಆನ್‌ಲೈನ್ ಪಟ್ಟಿ ನೋಡಿ ಆಮೇಲೆ ಮೇಲ್ ಹಾಕಿ. ನೊಬೆಲ್ ಸಮಾರಂಭದ ಕಥೆ ಬಿಡಬೇಡಿ, ಹಾಕ್ಕೊಳ್ಳೋಕೆ ಟೇಲ್‌ಕೋಟ್ ಇರ್ಲಿಲ್ಲ, ನಿರಾಶ್ರಿತರಿಗೆ ಅಂತ ಜನ ಕೊಟ್ಟ ಬಟ್ಟೆ ಇಟ್ಟಿದ್ದ ಸಂಸ್ಥೆಯ ಗೋಡೌನ್‌ನಿಂದ್ಲೇ ಒಂದು ಎರವಲು ತಗೊಂಡು ಹೋಗಿದ್ರು.