ಮಾರ್ಚ್‌ನಲ್ಲಿ ಚಿಂಚೋಳಿ ಕಾಡಿಗೆ ಹೋಗಬಹುದಾ? ಹೋಗಿ ಬಂದವರು ಹೇಳಿದ್ದು

ಕೇಳಿದವರು, ಕಲಬುರಗಿಯಿಂದ: ಮಕ್ಕಳಿಬ್ಬರು, ಐದನೇ ಮತ್ತು ಒಂಬತ್ತನೇ ತರಗತಿ. ಜೊತೆಗೆ ಅರವತ್ತು ದಾಟಿದ ಮಾವನವರು. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೆ ದಿನಾ ನಡೆಯುತ್ತಾರೆ. ಚಿಂಚೋಳಿ ವನ್ಯಜೀವಿ ಧಾಮದಲ್ಲಿ ಯಾರಾದರೂ ಗೊತ್ತಿರುವವರ ಜೊತೆ ಒಂದು ಬೆಳಗ್ಗೆ ನಡೆದು ಬರಬೇಕು ಅಂತ ಆಸೆ. ಯಾರನ್ನು ಕೇಳಿದರೂ "ಬೇಸಿಗೆಯಲ್ಲಿ ಅಲ್ಲೇನಿದೆ, ಮಳೆಗಾಲದಲ್ಲಿ ಹೋಗಿ" ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹೋದರೆ ನಡೆಯುತ್ತದಾ? ಯಾರನ್ನು ಕೇಳಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಚಿಂಚೋಳಿ ತಾಲ್ಲೂಕಿನ ಶಿಕ್ಷಕಿ:

ಏಪ್ರಿಲ್‌ಗೆ ಕಾಯಬೇಡಿ. ಪರೀಕ್ಷೆ ಮುಗಿಯಲಿ ಎಂದು ಕೂತರೆ ಹೂವೂ ಮುಗಿದಿರುತ್ತದೆ, ಬಿಸಿಲೂ ನಲವತ್ತು ಡಿಗ್ರಿ ದಾಟಿರುತ್ತದೆ. ಫೆಬ್ರವರಿ ಕೊನೆಯಿಂದ ಹೋಳಿ ಹುಣ್ಣಿಮೆಯೊಳಗೆ ಯಾವುದಾದರೂ ಒಂದು ಭಾನುವಾರ ಹಿಡಿಯಿರಿ. ಒಂದು ಬೆಳಗ್ಗೆ ಓದದಿದ್ದರೆ ಮಕ್ಕಳಿಗೆ ಏನೂ ಆಗುವುದಿಲ್ಲ.

ಮಳೆಗಾಲದಲ್ಲಿ ಎತ್ತಿಪೋತ ಜಲಪಾತ ನೋಡಲು ಎಲ್ಲರೂ ಬರುತ್ತಾರೆ. ಅದು ಚೆಂದವೇ, ಇಲ್ಲ ಎನ್ನುವುದಿಲ್ಲ. ಆದರೆ ಇದು ಒಣ ನಾಡಿನ ಕಾಡು. ಎಲೆ ಉದುರಿದಾಗಲೇ ಇದರ ಗುಣ ಗೊತ್ತಾಗುವುದು. 2011ರಲ್ಲಿ ವನ್ಯಜೀವಿ ಧಾಮವಾದ ಸುಮಾರು 135 ಚದರ ಕಿಲೋಮೀಟರ್ ಜಾಗ ಇದು. ಮಾರ್ಚ್ ಬಂತೆಂದರೆ ದೂರದಿಂದ ಬರೀ ಬೂದು ಬಣ್ಣ. ನೀರು ಉಳಿಸಿಕೊಳ್ಳಲು ಮರಗಳು ಎಲೆ ಕೆಳಗಿಳಿಸಿರುತ್ತವೆ, ಸತ್ತಿರುವುದಿಲ್ಲ. ಅದರ ನಡುವೆ ಮುತ್ತುಗ ಹೂ ಬಿಟ್ಟಿರುತ್ತದೆ.

ಮಕ್ಕಳ ಕೈಗೆ ಉದುರಿದ ಮುತ್ತುಗದ ಹೂ ಒಂದನ್ನು ಕೊಡಿ. ತೊಟ್ಟಿನ ಹತ್ತಿರ ಕಪ್ಪು ಹಸಿರು ಬಣ್ಣದ ಬಟ್ಟಲು ಇದೆ. ಅದನ್ನು ಮುಟ್ಟಿದರೆ ಮಖಮಲ್ ಹಾಗೆ. ಎಸಳುಗಳು ಕೇಸರಿ, ಅವುಗಳ ಮೇಲೂ ಸಣ್ಣ ಬಿಳಿ ರೋಮ. ಒಂದು ಎಸಳು ಮಾತ್ರ ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಕೇಸರ ಎಲ್ಲಾ ಅದರೊಳಗೆ. ಮಕರಂದ ಕುಡಿಯಲು ಬಂದ ಮೈನಾದ ತಲೆಗೆ ಪರಾಗ ಮೆತ್ತಿಕೊಳ್ಳುತ್ತದೆ, ಅದು ಮುಂದಿನ ಹೂವಿಗೆ ಹೋಗುತ್ತದೆ. ಮರದಲ್ಲಿ ಎಲೆ ಇಲ್ಲ, ಹಾಗಾಗಿ ಹೂ ಹಕ್ಕಿಗೆ ದೂರದಿಂದಲೇ ಕಾಣುತ್ತದೆ. ಎಲೆ ಉದುರುವುದೂ ಹೂ ಬಿಡುವುದೂ ಒಟ್ಟಿಗೆ ಯಾಕೆ ಎಂದು ನನ್ನ ತರಗತಿಯ ಮಕ್ಕಳು ಆ ಮರದ ಕೆಳಗೆ ನಿಂತೇ ಹೇಳಿದರು, ನಾನು ಹೇಳಿಕೊಡಬೇಕಾಗಲಿಲ್ಲ.

ಇನ್ನು ಯಾರನ್ನು ಕೇಳಬೇಕು ಅಂದಿರಲ್ಲ. ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹಾಗೆ ಹೇಳುತ್ತದೆ. ಒಂದು ವಾರ ಮೊದಲೇ ಚಿಂಚೋಳಿಯ ವಲಯ ಅರಣ್ಯ ಕಚೇರಿಗೆ ಹೋಗಿ ಎಷ್ಟು ಜನ, ಯಾವ ದಿನ ಅಂತ ಬರೆದುಕೊಡಿ. ಜೊತೆಗೆ ಬರುವ ಕಾವಲುಗಾರರನ್ನೋ ತಾಂಡಾದವರನ್ನೋ ಅಲ್ಲೇ ಕೇಳಿ. ಕಲಬುರಗಿಯಿಂದ ಚಿಂಚೋಳಿ ಸುಮಾರು 85 ಕಿಲೋಮೀಟರ್, ಕಾಡಿರುವ ಕುಂಚಾವರಂ ಅದರಾಚೆ. ಬೆಳಗ್ಗೆ ಹೊರಟರೆ ತಲುಪುವಷ್ಟರಲ್ಲಿ ಹೊತ್ತು ಏರಿರುತ್ತದೆ. ಹಿಂದಿನ ರಾತ್ರಿಯೇ ಚಿಂಚೋಳಿಗೆ ಬಂದು ಉಳಿಯಿರಿ.

ಕುಂಚಾವರಂ ಕಡೆಯ ತಾಂಡಾದ ಯುವಕ:

ಟೀಚರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಮುತ್ತುಗಕ್ಕೆ ನಾವು ಕೇಸುಲಾ ಎನ್ನುತ್ತೇವೆ. ಹೋಳಿಗೆ ಮುಂಚೆ ಹೆಂಗಸರು ಉದುರಿದ ಹೂ ಆರಿಸಿ ತರುತ್ತಾರೆ. ಕುದಿಸಿದರೆ ಒಳ್ಳೆ ಕೇಸರಿ ಬಣ್ಣ, ಚರ್ಮಕ್ಕೂ ಏನೂ ಆಗುವುದಿಲ್ಲ. ತಾಂಡಾದಲ್ಲಿ ಹಿರಿಯರನ್ನು ಕೇಳಿದರೆ ನಿಮ್ಮ ಮಕ್ಕಳಿಗೆ ತೋರಿಸುತ್ತಾರೆ. ಧಾಮದೊಳಗಿಂದ ಮಾತ್ರ ಏನನ್ನೂ ಕಿತ್ತು ತರಬೇಡಿ.

ಪ್ರಾಣಿ ಕಾಣುತ್ತದೆ ಎಂದು ಆಸೆ ಹಚ್ಚಿ ಮಕ್ಕಳನ್ನು ಕರೆತರಬೇಡಿ. ಗುರುತು ನೋಡಲು ಕರೆತನ್ನಿ. ಮಾರ್ಚ್‌ನಲ್ಲಿ ಹಳ್ಳದ ನೀರು ಗುಂಡಿಗುಂಡಿಯಾಗಿ ನಿಂತಿರುತ್ತದೆ. ಆ ಗುಂಡಿಯ ಸುತ್ತ ಕೆಸರಿನಲ್ಲಿ ರಾತ್ರಿ ಬಂದವರ ಹೆಜ್ಜೆ ಎಲ್ಲಾ ಇರುತ್ತದೆ. ಕತ್ತೆಕಿರುಬದ ಮುಂದಿನ ಪಾದ ದೊಡ್ಡದು, ಹಿಂದಿನದು ಸಣ್ಣದು. ನಾಯಿಯದೋ ಅದರದೋ ಅಂತ ಅದರಿಂದಲೇ ಹೇಳಬಹುದು. ಅದರ ಹಿಕ್ಕೆ ಒಣಗಿದರೆ ಸುಣ್ಣದಷ್ಟು ಬೆಳ್ಳಗಾಗುತ್ತದೆ, ಮೂಳೆ ತಿನ್ನುತ್ತದಲ್ವಾ, ಅದಕ್ಕೆ. ಇದನ್ನು ಒಮ್ಮೆ ತೋರಿಸಿದರೆ ಮಕ್ಕಳು ಆಮೇಲೆ ನೆಲ ಬಿಟ್ಟು ಕಣ್ಣೆತ್ತುವುದಿಲ್ಲ. ಚಿಗರಿ, ಅಂದರೆ ಕೃಷ್ಣಮೃಗ, ನೋಡಬೇಕಾದರೆ ದಟ್ಟ ಮರದೊಳಗೆ ಹುಡುಕಬೇಡಿ, ಅಂಚಿನ ಬಯಲು, ಬೀಳು ಹೊಲ ನೋಡಿ. ಗಂಡು ಚಿಗರಿ ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡಿರುತ್ತದೆ, ಇದು ನನ್ನ ಜಾಗ ಅಂತ.

ಕೈ ಮುಗಿದು ಕೇಳುವುದು ಒಂದೇ. ಬೆಂಕಿ ಬೇಡ. ಬೀಡಿ, ಸಿಗರೇಟು, ಚಹಾಕ್ಕೆ ಒಲೆ, ಯಾವುದೂ ಬೇಡ. ಈ ತಿಂಗಳುಗಳಲ್ಲಿ ನೆಲದ ತುಂಬಾ ಒಣ ಎಲೆ, ಒಣ ಹುಲ್ಲು. ಒಂದು ಕಿಡಿ ಬಿದ್ದರೆ ಗಾಳಿಗೆ ಗುಡ್ಡವೇ ಹೋಗುತ್ತದೆ. ಬೆಂಕಿ ಹರಡದಂತೆ ಬೆಂಕಿ ರೇಖೆ ಕಡಿಯುವವರೂ ನಾವೇ, ಹತ್ತಿದಾಗ ಹಸಿ ಸೊಪ್ಪು ಹಿಡಿದು ಬಡಿಯುವವರೂ ನಾವೇ. ನೆಲದಲ್ಲಿ ಗೂಡು ಮಾಡುವ ಗೌಜುಗನ ಮೊಟ್ಟೆ ಸುಟ್ಟು ಬಿದ್ದಿದ್ದನ್ನು ನೋಡಿದವರಿಗೆ ಅದರ ಸಂಕಟ ಗೊತ್ತು.

ಇನ್ನೊಂದು, ಜೊತೆಗೆ ಬಂದವರಿಗೆ ಕೂಲಿ ಎಷ್ಟು ಎಂದು ಮೊದಲೇ ಮಾತಾಡಿ, ಸರಿಯಾಗಿ ಕೊಡಿ. ಅರ್ಧ ದಿನದ ಕೆಲಸ ಬಿಟ್ಟು ಬಂದಿರುತ್ತಾರೆ.

ಶಹಾಬಾದ್‌ನ ನಿವೃತ್ತ ನೌಕರ:

ಮಗಳು ಅಮೆರಿಕದ ಲಾಸ್ ವೇಗಾಸ್‌ನಲ್ಲಿದ್ದಾಳೆ. ಅಲ್ಲಿಂದ ಸುಮಾರು 27 ಕಿಲೋಮೀಟರ್ ದೂರದಲ್ಲಿ ರೆಡ್ ರಾಕ್ ಕ್ಯಾನ್ಯನ್ ಎಂಬ ಮರುಭೂಮಿ ಸಂರಕ್ಷಣಾ ಪ್ರದೇಶ ಇದೆ, 1990ರಲ್ಲಿ ಘೋಷಣೆಯಾದದ್ದು. ವಸಂತದಲ್ಲಿ ಅಲ್ಲಿ ಮಾರ್ಗದರ್ಶಕರ ಜೊತೆ ನಡೆದು ಬಂದೆ. ನಿಮ್ಮ ಪ್ರಶ್ನೆಗೆ ಅದು ಉಪಯೋಗಕ್ಕೆ ಬರುತ್ತದೆ ಎಂದು ಬರೆಯುತ್ತಿದ್ದೇನೆ.

ಅಲ್ಲಿ ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ. ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ ಹಗಲಲ್ಲಿ ಒಳಗಿನ ರಸ್ತೆಗೆ ಕಾರು ಒಯ್ಯಲು ಸಮಯ ಕಾಯ್ದಿರಿಸಬೇಕು. ನಡಿಗೆಗೆ ಬೇರೆ ಹೆಸರು ಕೊಡಬೇಕು. ಗುಂಪು ಸಣ್ಣದು. ಎಷ್ಟು ದೂರ, ಎಷ್ಟು ಏರು, ಎಂಥ ಚಪ್ಪಲಿ, ಎಷ್ಟು ನೀರು ಎಲ್ಲಾ ಮೊದಲೇ ಹೇಳುತ್ತಾರೆ. ಹೊರಡುವ ಮುಂಚೆ ನಿಮ್ಮ ನೀರಿನ ಬಾಟಲಿ ನೋಡುತ್ತಾರೆ. ನನಗೆ ಅದು ಬಹಳ ಹಿಡಿಸಿತು.

ಮಾರ್ಗದರ್ಶಕಿ ಒಂದು ಬಂಡೆಯ ಮುಂದೆ ನಿಲ್ಲಿಸಿ ಮೇಲೆ ನೋಡಿ ಅಂದರು. ಕೆಳಗೆ ಕೆಂಪು ಮರಳುಗಲ್ಲು, ಮೇಲೆ ಬೂದು ಸುಣ್ಣಕಲ್ಲು. ಹಳೆಯದು ಮೇಲಿದೆ, ಹೊಸದು ಕೆಳಗಿದೆ! ಭೂಮಿಯ ಒತ್ತಡಕ್ಕೆ ಹಳೆಯ ಪದರ ಜಾರಿ ಬಂದು ಹೊಸದರ ಮೇಲೆ ಕೂತಿದೆಯಂತೆ. ಸುಣ್ಣಕಲ್ಲಿನ ಮೇಲೇ ಹುಟ್ಟಿ ಬೆಳೆದ ಶಹಾಬಾದಿನವ ನಾನು, ಕಲ್ಲಿನ ಬಗ್ಗೆ ಅಷ್ಟು ಹೊತ್ತು ಯಾರೂ ನನ್ನ ಜೊತೆ ಮಾತಾಡಿರಲಿಲ್ಲ. ಆ ಕೆಂಪಿಗೆ ಕಾರಣ ಕಬ್ಬಿಣ, ಬೀದರ್‌ನ ಕೆಂಪು ಕಲ್ಲಿಗೂ ಅದೇ ಕಾರಣ.

ಅಲ್ಲಿಯ ಮರುಭೂಮಿ ಆಮೆ ವರ್ಷದ ಬಹುಪಾಲು ಬಿಲದಲ್ಲಿರುತ್ತದೆ, ವಸಂತದಲ್ಲಿ ಹೂ, ಹುಲ್ಲು ತಿನ್ನಲು ಹೊರಗೆ ಬರುತ್ತದೆ. ಅದನ್ನು ಎತ್ತಬಾರದು. ಹೆದರಿದರೆ ಮೂತ್ರಕೋಶದಲ್ಲಿ ಕೂಡಿಟ್ಟ ನೀರು ಬಿಟ್ಟುಬಿಡುತ್ತದೆ. ಮತ್ತೆ ಮಳೆ ಬರುವವರೆಗೆ ಅದಕ್ಕೆ ಇನ್ನೊಂದು ಹನಿ ಇಲ್ಲ. ಇದನ್ನು ಕೇಳಿದ ಮೇಲೆ ಗುಂಪಿನ ಸಣ್ಣ ಮಕ್ಕಳೂ ಕೈ ಹಿಂದೆ ಕಟ್ಟಿಕೊಂಡು ನಡೆದರು. ನಿಯಮದ ಫಲಕ ಹತ್ತು ಹಾಕಿದರೂ ಈ ಕೆಲಸ ಆಗುವುದಿಲ್ಲ. ನಮ್ಮ ಚಿಂಚೋಳಿಯಲ್ಲಿ ತಾಂಡಾದ ಹುಡುಗರಿಗೆ ಇದಕ್ಕಿಂತ ಜಾಸ್ತಿ ಗೊತ್ತಿದೆ. ಸಣ್ಣ ಗುಂಪು, ಮೊದಲೇ ಹೆಸರು, ನೀರಿನ ತಪಾಸಣೆ, ಇಷ್ಟು ಶಿಸ್ತು ಸೇರಿದರೆ ನಮ್ಮದು ಯಾವುದಕ್ಕೂ ಕಡಿಮೆಯಿಲ್ಲ.

ಕಲಬುರಗಿಯ ನರ್ಸ್:

ಮಾವನವರ ಬಗ್ಗೆ ಬರೆಯುತ್ತೇನೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುತ್ತವೆ. ಅಂಥದ್ದಿದ್ದರೆ ಬಿಸಿಲಲ್ಲಿ ಬೇಗ ಸುಸ್ತಾಗುತ್ತದೆ. ಹೋಗುವ ಮುಂಚೆ ಅವರ ಡಾಕ್ಟರನ್ನು ಕೇಳಿ, ಮಾತ್ರೆ ನೀವೇ ನಿಲ್ಲಿಸಬೇಡಿ. ಒಂಬತ್ತೂವರೆ ಹತ್ತರೊಳಗೆ ಎಲ್ಲರೂ ನೆರಳಿಗೆ ಬಂದಿರಬೇಕು. ಮಕ್ಕಳಿಗೆ ಬಾಯಾರಿಕೆ ಆಗುವವರೆಗೆ ಕಾಯದೆ ಸ್ವಲ್ಪ ಸ್ವಲ್ಪ ಕುಡಿಸುತ್ತಿರಿ. ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಯಾರಾದರೂ ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ ಅದು ಬರೀ ಸುಸ್ತಲ್ಲ. ನೆರಳಲ್ಲಿ ಮಲಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ತಕ್ಷಣ ಆಸ್ಪತ್ರೆಗೆ ಹೊರಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಇದ್ದರೆ ಸಾಕು. ಕುರುಕಲು ಪೊಟ್ಟಣ ಬೇಡ, ಅದರ ಕವರ್ ಕಾಡಲ್ಲೇ ಉಳಿಯುತ್ತದೆ.

ಸುರಪುರದವರು:

ಹಕ್ಕಿ ಇಷ್ಟಪಡುವ ಮಕ್ಕಳಾದರೆ ಯಾದಗಿರಿ ಜಿಲ್ಲೆಯ ಬೋನಾಳ ಕೆರೆಗೂ ಒಮ್ಮೆ ಬನ್ನಿ. ಆದರೆ ಅದಕ್ಕೆ ಮಾರ್ಚ್ ತಡ. ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದ ಅತಿಥಿಗಳು, ಬಿಸಿಲು ಏರುತ್ತಿದ್ದಂತೆ ಹಿಮಾಲಯ ದಾಟಿ ಹೊರಡುತ್ತವೆ. ಡಿಸೆಂಬರ್, ಜನವರಿ ಸರಿಯಾದ ಕಾಲ. ಈ ಸಲ ಚಿಂಚೋಳಿಗೇ ಹೋಗಿ.

ಬೀದರ್‌ನ ತಾಯಿಯೊಬ್ಬರು:

ನಾವು ಹಣ ಕಟ್ಟಿ ಒಂದು ಪ್ರವಾಸದ ತಂಡದ ಜೊತೆ ಹೋಗಿದ್ದೆವು. ಜನ ಜಾಸ್ತಿ, ಒಂದೇ ಸಮ ಹಾಡು, ಮಾರ್ಗದರ್ಶಕರು ಫೋಟೋ ತೆಗೆಯುವುದರಲ್ಲೇ ಇದ್ದರು. ಹಕ್ಕಿಯ ದನಿ ಒಂದೂ ಕೇಳಲಿಲ್ಲ. ಆಮೇಲೆ ಎರಡೇ ಮನೆಯವರು ಸೇರಿ, ಊರಿನ ಒಬ್ಬರನ್ನು ಕರೆದುಕೊಂಡು ಹೋದೆವು. ನಡೆದದ್ದು ಎರಡು ಕಿಲೋಮೀಟರ್ ಕೂಡ ಇರಲಿಕ್ಕಿಲ್ಲ. ಮಗ ಇವತ್ತಿಗೂ ಅದನ್ನೇ ಹೇಳುತ್ತಾನೆ. ಹತ್ತು ಜನಕ್ಕಿಂತ ಜಾಸ್ತಿ ಆಗಬೇಡಿ ದಯವಿಟ್ಟು.

ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನದ ಬಗ್ಗೆಯೂ ಮುಖ್ಯೋಪಾಧ್ಯಾಯರನ್ನು ಕೇಳಿ, ದೊಡ್ಡವಳಿಗೋ ದೊಡ್ಡವನಿಗೋ ಅವಕಾಶ ಸಿಗಬಹುದು.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಏಪ್ರಿಲ್ ಬಿಟ್ಟೆವು, ಹೋಳಿಗೆ ಮುಂಚಿನ ಭಾನುವಾರ ಅಂತ ನಿಂತಿದೆ. ಮಾವನವರು ನಾಳೆ ಡಾಕ್ಟರ ಹತ್ತಿರ ಹೋಗುತ್ತಾರೆ, ನಾನು ಸೋಮವಾರ ಅರಣ್ಯ ಕಚೇರಿಗೆ. ನಾವು ಐದು ಜನ. ಅದೇ ದಿನ ಬರುವ ಇನ್ನೊಂದು ಮನೆಯವರಿದ್ದರೆ ಹೇಳಿ, ಅರ್ಜಿಯಲ್ಲಿ ಒಟ್ಟಿಗೆ ಬರೆಯುತ್ತೇನೆ.