‘ಪಾಸ್ಸೊ’ ಕಣಿವೆಯಲ್ಲ, ಹಾಗಾದರೆ ಕನ್ನಡದಲ್ಲಿ ಏನು?

ಗೆಳೆಯರೇ,

ಒಂದು ಪದಕ್ಕಾಗಿ ವಾರದಿಂದ ಒದ್ದಾಡುತ್ತಿದ್ದೇನೆ.

ಇಂದಿನ ಉರುಗ್ವೆ ಯಾರ ಪಾಲಿಗೆ ಎಂದು ಬ್ರೆಜಿಲ್ಲೂ ಬ್ಯೂನಸ್ ಐರಿಸ್ಸೂ (ಅಂದರೆ ಇಂದಿನ ಅರ್ಜೆಂಟೀನಾ) ಬಡಿದಾಡಿದ ಗಡಿ ಯುದ್ಧದ ದೊಡ್ಡ ಕದನ 1827ರ ಫೆಬ್ರವರಿ 20ರಂದು ನಡೆಯಿತು. ಅರ್ಜೆಂಟೀನಾದವರು ಅದನ್ನು ಇತುಸಾಯಿಂಗೊ ಕದನ ಎನ್ನುತ್ತಾರೆ. ಬ್ರೆಜಿಲಿನವರ ಬಾಯಲ್ಲಿ ಅದು ‘ಪಾಸ್ಸೊ ದೊ ರೊಸಾರಿಯೊ’. ತೊಡಕು ಈ ‘ಪಾಸ್ಸೊ’ದ್ದೇ.

ಖೈಬರ್ ಕಣಿವೆಯನ್ನು ನೆನೆದು ಮೊದಲು ‘ರೊಸಾರಿಯೊ ಕಣಿವೆಯ ಕದನ’ ಎಂದು ಬರೆದುಬಿಟ್ಟಿದ್ದೆ. ನಕಾಶೆ ನೋಡಿದರೆ ಅಲ್ಲಿ ಬೆಟ್ಟವೇ ಇಲ್ಲ. ಏರಿಳಿಯುವ ಹುಲ್ಲುಗಾವಲು, ಅದರ ನಡುವೆ ಸಾಂತಾ ಮಾರಿಯಾ ಹೊಳೆ. ಆ ದನಗಾಹಿ ಸೀಮೆಯಲ್ಲಿ ಪಾಸ್ಸೊ ಅಂದರೆ ಕುದುರೆ, ದನ, ಗಾಡಿ ಹೊಳೆಯಲ್ಲಿ ಇಳಿದು ಆಚೆ ದಡ ಹತ್ತುವ ಜಾಗ. ಉರುಗ್ವೆಯ ‘ಪಾಸೊ ದೆ ಲೊಸ್ ತೊರೊಸ್’ ಪಟ್ಟಣದ ಹೆಸರಿನಲ್ಲಿ ಹೋರಿಗಳು ಹಾಯುತ್ತಿದ್ದುದು ಹೊಳೆಯನ್ನೇ, ಬೆಟ್ಟದ ಸಂದನ್ನಲ್ಲ.

ಕದನದ ಕಥೆಗೂ ಈ ಪದವೇ ಕೀಲಿ. ಬ್ಯೂನಸ್ ಐರಿಸ್ ಸೇನೆಯ ದಳಪತಿ ಆಲ್ವೆಯಾರ್ ಹೊಳೆ ದಾಟಲೆಂದೇ ಅಲ್ಲಿಗೆ ಬಂದಿದ್ದ. ನೀರು ಏರಿತ್ತು. ಬೆನ್ನಿಗೆ ಹೊಳೆ, ಎದುರಿಗೆ ಬ್ರೆಜಿಲ್ ದಳಪತಿ ಬಾರ್ಬಸೇನಾನ ಸೇನೆ. ತಿರುಗಿ ನಿಂತು ಕಾದಿ ಗೆದ್ದ. ‘ಕಣಿವೆ’ ಎಂದರೆ ಈ ಇಕ್ಕಟ್ಟು ಓದುಗರಿಗೆ ಕಾಣುವುದೇ ಇಲ್ಲ.

(‘ನಿರ್ಣಾಯಕ ಕದನ’ ಎಂಬ ಮಾತನ್ನೂ ಬಿಟ್ಟಿದ್ದೇನೆ. ಬ್ರೆಜಿಲ್ ಸೇನೆ ಹಿಂದೆಗೆದರೂ ಯುದ್ಧ ಮತ್ತೂ ಒಂದೂವರೆ ವರ್ಷ ಎಳೆಯಿತು. 1828ರ ಆಗಸ್ಟ್‌ನಲ್ಲಿ ಬ್ರಿಟನ್ ನಡುವೆ ನಿಂತು ಒಪ್ಪಂದ ಮಾಡಿಸಿದಾಗ ಉರುಗ್ವೆ ಇಬ್ಬರ ಪಾಲಿಗೂ ಹೋಗದೆ ಬೇರೆ ದೇಶವಾಯಿತು.)

‘ಕಡವು’ ಆದೀತೇ? ಕರಾವಳಿಯವರ ಕಿವಿಗೆ ಅದರಲ್ಲಿ ದೋಣಿ, ದೋಣಿಯವನು ಕೇಳಿಸುತ್ತಾರೆ. ‘ರೇವು’ ಅಂದರೆ ದೋಣಿ ಬಂದು ನಿಲ್ಲುವ ದಡ. ಇಲ್ಲಿ ದೋಣಿಯ ಸುಳಿವೇ ಇಲ್ಲ. ನಮ್ಮಜ್ಜ ಗಾಡಿ ಇಳಿಸುವ ಮುಂಚೆ ತಾವೇ ನೀರಿಗಿಳಿದು, ಕೋಲು ಊರಿ ನೋಡಿ, “ಮೊಣಕಾಲುದ್ದ ಐತೆ, ಹಾಯ್ಬೋದು” ಎಂದು ಕೂಗುತ್ತಿದ್ದರು. ‘ಹಾಯು’ ಎಂಬ ಕ್ರಿಯಾಪದ ನಮ್ಮಲ್ಲಿ ಎಷ್ಟು ಚೆನ್ನಾಗಿದೆ! ಆದರೆ ಆ ಜಾಗವನ್ನು ಅವರು ಏನೆಂದು ಕರೆಯುತ್ತಿದ್ದರೋ, ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಬರೀ ‘ಹಾಯೋ ಜಾಗ’ ಎಂದೇ ಇರಬೇಕು.

ಸದ್ಯಕ್ಕೆ ‘ರೊಸಾರಿಯೊ ಹಾಯ್ಗಡದ ಕದನ’ ಎಂದು ಬರೆದಿಟ್ಟಿದ್ದೇನೆ. ‘ಹಾಯ್ಗಡ’ ನಿಮ್ಮ ಕಡೆ ಮಾತಿನಲ್ಲಿ ಉಳಿದಿದೆಯೇ? ತುಂಗಭದ್ರೆ, ಭೀಮೆ, ಮಲಪ್ರಭೆಯ ದಂಡೆಯವರು ಎತ್ತಿನ ಗಾಡಿ ಹೊಳೆ ದಾಟುತ್ತಿದ್ದ ಜಾಗಕ್ಕೆ ಏನೆನ್ನುತ್ತೀರಿ? ಊರಿನ ಹೆಸರಿನಲ್ಲಿ ಉಳಿದಿರುವ ಪದವಾದರೂ ಸರಿ, ತಿಳಿಸಿ.