ರೆಡ್ ಹಾಟ್ ಚಿಲಿ ಪೆಪರ್ಸ್: ಒಂದೇ ಬ್ಯಾಂಡು, ಆಲ್ಬಮ್ಮಿಗೊಂದು ಸೌಂಡು ಯಾಕೆ?

ಬೇಸ್‌ಬಾಯ್:
ಅಂಡರ್ ದ ಬ್ರಿಡ್ಜ್, ಸ್ಕಾರ್ ಟಿಶ್ಯೂ ಥರದ ಹಿಟ್ ಹಾಡುಗಳು ಗೊತ್ತು. ಮೊದಲಿಂದ ಕೇಳೋಣ ಅಂತ 1984ರ ಆಲ್ಬಮ್ ಹಾಕಿದರೆ ಬೇರೆ ಯಾವುದೋ ಬ್ಯಾಂಡ್ ಕೇಳಿದ ಹಾಗಿದೆ. ಅದರಲ್ಲಿ ಗಿಟಾರ್ ಹಿಲೆಲ್ ಸ್ಲೋವಾಕ್ ಅವರದ್ದೇ ತಾನೆ? ಯಾವ ಕ್ರಮದಲ್ಲಿ ಕೇಳಿದರೆ ಕಥೆ ಅರ್ಥವಾಗುತ್ತೆ? ಇನ್ನೊಂದು, ಕ್ಯಾಲಿಫೋರ್ನಿಕೇಶನ್ ಆಲ್ಬಮ್ ಹೆಡ್‌ಫೋನಲ್ಲಿ ಚರಚರ ಅನ್ನುತ್ತೆ. ಹೆಡ್‌ಫೋನ್ ಬದಲಾಯಿಸಬೇಕಾ?

ಹಳೇ ಕ್ಯಾಸೆಟ್:
ಅಲ್ಲ, ಮೊದಲ ಆಲ್ಬಮ್‌ನಲ್ಲಿ ಗಿಟಾರ್ ಜ್ಯಾಕ್ ಶರ್ಮನ್, ಡ್ರಮ್ಸ್ ಕ್ಲಿಫ್ ಮಾರ್ಟಿನೆಜ್. ಬ್ಯಾಂಡ್ ಕಟ್ಟಿದ ಹಾಡುಗಾರ ಆಂಥೊನಿ ಕೀಡಿಸ್, ಬೇಸ್ ನುಡಿಸೋ ಫ್ಲೀ, ಗಿಟಾರಿನ ಸ್ಲೋವಾಕ್, ಡ್ರಮ್ಸ್‌ನ ಜ್ಯಾಕ್ ಐರನ್ಸ್ ನಾಲ್ವರೂ ಲಾಸ್ ಏಂಜಲಿಸ್‌ನ ಫೇರ್‌ಫ್ಯಾಕ್ಸ್ ಹೈಸ್ಕೂಲ್ ಗೆಳೆಯರು. ಆದರೆ ಸ್ಲೋವಾಕ್, ಐರನ್ಸ್ ಇಬ್ಬರಿಗೂ ವಾಟ್ ಈಸ್ ದಿಸ್ ಅನ್ನೋ ತಮ್ಮದೇ ಬ್ಯಾಂಡಿತ್ತು, ಅದಕ್ಕೂ ರೆಕಾರ್ಡ್ ಒಪ್ಪಂದ ಸಿಕ್ಕಿತು. ಹಾಗಾಗಿ ಆ ಕಡೆ ಹೋದರು. ಮೊದಲ ಆಲ್ಬಮ್‌ನ ಕೆಲವು ಹಾಡು ಕಟ್ಟಿದವರಲ್ಲಿ ಸ್ಲೋವಾಕ್ ಹೆಸರಿದೆ, ನುಡಿಸಿದವರು ಮಾತ್ರ ಶರ್ಮನ್. ನಿರ್ಮಾಪಕ ಗ್ಯಾಂಗ್ ಆಫ್ ಫೋರ್ ಬ್ಯಾಂಡಿನ ಆಂಡಿ ಗಿಲ್. ಬ್ಯಾಂಡ್ ವೇದಿಕೆ ಮೇಲೆ ಇದ್ದಷ್ಟು ಒರಟಾಗಿ ರೆಕಾರ್ಡ್ ಆಗಲಿಲ್ಲ, ಅದಕ್ಕೇ ನಿಮಗೆ ಒಣಗಿದ ಹಾಗೆ ಕೇಳಿಸಿದ್ದು.

ಕೇಳುವ ಕ್ರಮಕ್ಕೆ ಬಿಡುಗಡೆಯ ವರ್ಷ ಹಿಡಿಯಬೇಡಿ, ಗಿಟಾರಿಸ್ಟ್ ಯಾರು ಅಂತ ನೋಡಿ. ಮೊದಲು 1985ರ ಫ್ರೀಕಿ ಸ್ಟೈಲಿ. ಸ್ಲೋವಾಕ್ ವಾಪಸ್ ಬಂದರು. ನಿರ್ಮಾಪಕ ಸ್ವತಃ ಫಂಕ್ (ಕುಣಿಸುವ, ಲಯವೇ ಮುಖ್ಯವಾದ ಸಂಗೀತ) ದಿಗ್ಗಜ ಜಾರ್ಜ್ ಕ್ಲಿಂಟನ್, ರೆಕಾರ್ಡಿಂಗ್ ಡೆಟ್ರಾಯಿಟ್‌ನಲ್ಲಿ, ಹಿತ್ತಾಳೆ ವಾದ್ಯಗಳಿಗೆ ಮೇಸಿಯೊ ಪಾರ್ಕರ್, ಫ್ರೆಡ್ ವೆಸ್ಲಿ. ಬೇಸು ಡ್ರಮ್ಮು ಎರಡೂ ಬಾರಿನ (ತಾಳದ ಒಂದು ಆವರ್ತದ) ಮೊದಲ ಪೆಟ್ಟಿಗೆ, ನಮ್ಮಲ್ಲಿ ಸಮಕ್ಕೆ ಬಂದು ಬೀಳೋ ಹಾಗೆ, ಒಟ್ಟಿಗೆ ಬೀಳೋದನ್ನ ಗಮನಿಸಿ. ಕ್ಲಿಂಟನ್ ಶಾಲೆಯ ಫಂಕ್ ನಿಂತಿರೋದೇ ಅದರ ಮೇಲೆ. ಆಮೇಲೆ 1987ರ ದಿ ಅಪ್‌ಲಿಫ್ಟ್ ಮೋಫೋ ಪಾರ್ಟಿ ಪ್ಲ್ಯಾನ್. ಮೂಲ ನಾಲ್ವರೂ ಇರೋ ಆಲ್ಬಮ್ ಇದೊಂದೇ.

1988ರ ಜೂನ್‌ನಲ್ಲಿ ಸ್ಲೋವಾಕ್ ಹೆರಾಯಿನ್‌ನಿಂದ ತೀರಿಕೊಂಡರು, ವಯಸ್ಸು 26. ಐರನ್ಸ್ ಬಿಟ್ಟುಹೋದರು. ನಡುವೆ ಪಾರ್ಲಿಮೆಂಟ್-ಫಂಕಡೆಲಿಕ್‌ನ ಬ್ಲ್ಯಾಕ್‌ಬರ್ಡ್ ಮೆಕ್‌ನೈಟ್, ಡೆಡ್ ಕೆನಡೀಸ್‌ನ ಡಿ.ಎಚ್. ಪೆಲಿಗ್ರೊ ಸ್ವಲ್ಪ ದಿನ ಇದ್ದರು. ಅದೇ ವರ್ಷ ಗಿಟಾರ್‌ಗೆ 18 ವಯಸ್ಸಿನ ಜಾನ್ ಫ್ರುಶಾಂಟೆ, ಹಿಂದೆಯೇ ಡ್ರಮ್ಸ್‌ಗೆ ಚ್ಯಾಡ್ ಸ್ಮಿತ್ ಸೇರಿದರು. 1989ರ ಮದರ್ಸ್ ಮಿಲ್ಕ್‌ನಲ್ಲಿ ನಿರ್ಮಾಪಕ ಮೈಕಲ್ ಬೈನ್‌ಹಾರ್ನ್ ಗಿಟಾರನ್ನು ಪದರದ ಮೇಲೆ ಪದರ ಪೇರಿಸಿ ಮೆಟಲ್ ಮಾಡಿಬಿಟ್ಟರು. ಫ್ರುಶಾಂಟೆಗೆ ಅದು ಹಿಡಿಸಲಿಲ್ಲ. ಅದು ಕೇಳಿದ ತಕ್ಷಣ 1991ರ ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್ ಹಾಕಿ, ಎರಡೇ ವರ್ಷದ ಅಂತರ ಅಂದರೆ ನಂಬೋಕಾಗಲ್ಲ. ನಿರ್ಮಾಪಕ ರಿಕ್ ರೂಬಿನ್ ಲಾರೆಲ್ ಕ್ಯಾನಿಯನ್‌ನ ದೊಡ್ಡ ಮನೆಯೊಂದರಲ್ಲಿ ರೆಕಾರ್ಡ್ ಮಾಡಿಸಿದರು. ಎಲ್ಲರೂ ಅಲ್ಲೇ ಉಳಿದರೆ ಸ್ಮಿತ್ ಮಾತ್ರ ದೆವ್ವ ಇದೆ ಅಂತ ದಿನಾ ಮನೆಗೆ ಹೋಗ್ತಿದ್ರು! ಗಿಟಾರ್ ಪದರ ಕಿತ್ತುಹಾಕಿದರು, ಫ್ಲೀ ಸ್ಲ್ಯಾಪ್ (ಹೆಬ್ಬೆರಳಿಂದ ತಂತಿಗೆ ಬಡಿಯೋದು) ಕಡಿಮೆ ಮಾಡಿದರು, ಮಧ್ಯೆ ಗಾಳಿಯಾಡೋ ಜಾಗ ಉಳಿಯಿತು. ನನ್ನ ಲೆಕ್ಕದಲ್ಲಿ ಬ್ಯಾಂಡ್ ನಿಜವಾಗಿ ಹುಟ್ಟಿದ್ದು ಅಲ್ಲಿ.

1992ರಲ್ಲಿ ಜಪಾನ್ ಪ್ರವಾಸದ ಮಧ್ಯೆ ಫ್ರುಶಾಂಟೆ ಬಿಟ್ಟರು. 1995ರ ಒನ್ ಹಾಟ್ ಮಿನಿಟ್‌ನಲ್ಲಿ ಜೇನ್ಸ್ ಅಡಿಕ್ಷನ್‌ನ ಡೇವ್ ನವಾರೊ: ಭಾರ ಜಾಸ್ತಿ, ಫಂಕ್ ಕಡಿಮೆ. ಕೆಟ್ಟದ್ದಲ್ಲ, ಬೇರೆ ಜಾತಿ. 1998ರಲ್ಲಿ ಫ್ರುಶಾಂಟೆ ವಾಪಸ್. 2009ರಲ್ಲಿ ಮತ್ತೆ ಹೋದರು, ಜೋಶ್ ಕ್ಲಿಂಗ್‌ಹಾಫರ್ ಬಂದರು, 2019ರ ಡಿಸೆಂಬರ್‌ನಲ್ಲಿ ಫ್ರುಶಾಂಟೆ ಮೂರನೇ ಸಲ. 2022ರಲ್ಲಿ ಒಂದೇ ವರ್ಷ ಎರಡು ಆಲ್ಬಮ್. ಅವನ್ನು ಕೊನೆಗೆ ಇಟ್ಟುಕೊಳ್ಳಿ, ಅವಸರವಿಲ್ಲ.

ಮಿಕ್ಸರ್ ಮಾವ:
ಹೆಡ್‌ಫೋನ್‌ಗೆ ದುಡ್ಡು ಸುರಿಯಬೇಡಿ, ತಪ್ಪು ಮಾಸ್ಟರಿಂಗ್‌ದು, ಅಂದರೆ ಬಿಡುಗಡೆಗೆ ಮುಂಚೆ ಸದ್ದಿನ ಮಟ್ಟ ಹೊಂದಿಸೋ ಕೊನೆಯ ಹಂತದ್ದು. ಕ್ಯಾಲಿಫೋರ್ನಿಕೇಶನ್ ಬಂದ 1999ರಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಬೇಕು ಅನ್ನೋ ಪೈಪೋಟಿ. ಮಟ್ಟ ಏರಿಸುತ್ತಾ ಹೋದರೆ ಡಿಜಿಟಲ್‌ನ ಗರಿಷ್ಠ ಮಿತಿಗೆ ತಾಗಿ ಅಲೆಯ ತುದಿ ಚಪ್ಪಟೆಯಾಗುತ್ತೆ. ಆ ಚಪ್ಪಟೆ ಭಾಗವೇ ಚರಚರ.

ಪರೀಕ್ಷೆ ಸುಲಭ: ಸೀಡಿಯಿಂದ ವೇವ್ ಫೈಲ್ ತೆಗೆದು ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ವ್ಯೂ ಮೆನುವಿನಲ್ಲಿ ಕ್ಲಿಪ್ಪಿಂಗ್ (ಹೀಗೆ ತುದಿ ಚಪ್ಪಟೆಯಾಗೋದು) ತೋರಿಸುವ ಆಯ್ಕೆ ಒತ್ತಿದರೆ ಕೆಂಪು ಗೆರೆ ಬೀಳುತ್ತೆ. ಅಲ್ಲಿ ಜೂಮ್ ಮಾಡಿ. ಆ ಆಲ್ಬಮ್‌ನ ಪ್ಯಾರಲಲ್ ಯೂನಿವರ್ಸ್ ಹಾಡಿನ ಜೋರಾದ ಭಾಗ ನೋಡಿದರೆ ಸಾಕು. ಎಂಪಿ3ಯಲ್ಲಿ ನೋಡಬೇಡಿ, ಅದನ್ನು ಬಿಚ್ಚುವಾಗಲೇ ತುದಿಗಳು ಏರುಪೇರಾಗಿ ಲೆಕ್ಕ ತಪ್ಪುತ್ತೆ. ವಾಲ್ಯೂಮ್ ಇಳಿಸಿದರೂ ಪ್ರಯೋಜನವಿಲ್ಲ, ಹಾನಿ ಫೈಲಿನ ಒಳಗೇ ಇದೆ. ಸ್ಟ್ರೀಮಿಂಗ್ ಆ್ಯಪ್‌ನವರು ಮಟ್ಟ ಸಮ ಮಾಡೋದೂ ಅಷ್ಟೇ: ಸದ್ದು ಕಡಿಮೆಯಾಗುತ್ತೆ, ತುದಿ ವಾಪಸ್ ಬರಲ್ಲ.

ಚೆನ್ನಾಗಿ ಕೇಳಬೇಕಂದ್ರೆ 2006ರ ಸ್ಟೇಡಿಯಂ ಆರ್ಕೇಡಿಯಂ ವಿನೈಲ್ ಹುಡುಕಿ. ಜೂಪಿಟರ್, ಮಾರ್ಸ್ ಅಂತ ಎರಡು ಭಾಗ, 28 ಹಾಡು. ವಿನೈಲ್‌ಗೆ ಸ್ಟೀವ್ ಹಾಫ್‌ಮನ್, ಕೆವಿನ್ ಗ್ರೇ ಬೇರೆಯಾಗಿ ಮಾಸ್ಟರ್ ಮಾಡಿದ್ದಾರೆ. ಸೀಡಿಗೂ ಅದಕ್ಕೂ ಹೋಲಿಸಿದರೆ ಡ್ರಮ್ಮಿನ ಪೆಟ್ಟಿನಲ್ಲೇ ವ್ಯತ್ಯಾಸ ಗೊತ್ತಾಗುತ್ತೆ.

ಆಫ್‌ಬೀಟ್:
ನುಡಿಸೋರಿಗೆ ಎರಡು ಮಾತು. ಫ್ರುಶಾಂಟೆ ಶೈಲಿಯ ಗುಟ್ಟು ಯಾವ ತಂತಿ ಮೊಳಗಬಾರದು ಅನ್ನೋದರಲ್ಲಿದೆ. ಸ್ಕಾರ್ ಟಿಶ್ಯೂ ನಿಂತಿರೋದು ಹತ್ತನೇ ಸ್ವರದ ಜೋಡಿಗಳ ಮೇಲೆ, ಅಂದರೆ ಮೂಲ ಸ್ವರ, ಜೊತೆಗೆ ಒಂದು ಸ್ಥಾಯಿ ಮೇಲಿನ ಮೂರನೇ ಸ್ವರ. ಆಕಾರ ಕೈಗೆ ಬರಲು ತೋರುಬೆರಳು 5ನೇ ತಂತಿಯ 8ನೇ ಫ್ರೆಟ್‌ನಲ್ಲಿ, ಉಂಗುರ ಬೆರಳು 2ನೇ ತಂತಿಯ 10ನೇ ಫ್ರೆಟ್‌ನಲ್ಲಿ ಇಡಿ. ನಡುವಿನ 4, 3ನೇ ತಂತಿಗಳನ್ನು ತೋರುಬೆರಳಿನ ಒಳಬದಿಯಿಂದ ಮುಟ್ಟಿ ಮೌನ ಮಾಡಿ. ಬೆರಳ ತುದಿ ನೆಟ್ಟಗೆ ನಿಲ್ಲಿಸಿದರೆ ಆ ಎರಡೂ ತಂತಿ ಮೊಳಗಿ ಎಲ್ಲ ಕಲಸಿಹೋಗುತ್ತೆ.

ಕಾಂಟ್ ಸ್ಟಾಪ್ ಹಾಡು ಇನ್ನೂ ಕಷ್ಟ. ಬಲಗೈ ಎಲ್ಲ ತಂತಿಗಳ ಮೇಲೂ ಬೀಸುತ್ತೆ, ಕೇಳಿಸೋದು ಒಂದೇ ಸ್ವರ. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿಂದ ತಂದು 6ನೇ ತಂತಿ ಮುಚ್ಚಿ. ಹಾಡಿನ ವೇಗ ನಿಮಿಷಕ್ಕೆ ಹೆಚ್ಚುಕಡಿಮೆ 90 ಪೆಟ್ಟು, ನೀವು 60ಕ್ಕೆ ಶುರು ಮಾಡಿ. ಬಲಗೈ ನಿಂತುನಿಂತು ಹೋದರೆ ಫಂಕ್ ಸತ್ತಹಾಗೆ. ಸ್ವರ ಇಲ್ಲದ ಕಡೆಯೂ ಕೈ ಆಡ್ತಾನೇ ಇರಬೇಕು.

ಹಳೇ ಕ್ಯಾಸೆಟ್ ಸರ್ ಬಿಟ್ಟ ಒಂದು ವಿಷಯ: ಮದರ್ಸ್ ಮಿಲ್ಕ್‌ನಲ್ಲಿರೋ ಹೆಂಡ್ರಿಕ್ಸ್‌ನ ಫೈರ್ ಹಾಡು ಹಳೆಯ ರೆಕಾರ್ಡಿಂಗ್. ಅದರಲ್ಲಿ ಗಿಟಾರ್ ಸ್ಲೋವಾಕ್, ಡ್ರಮ್ಸ್ ಐರನ್ಸ್. ಆ ಆಲ್ಬಮ್ ಕೇಳಿ ಫ್ರುಶಾಂಟೆ ಕೈ ಗುರುತಿಸ್ತೀನಿ ಅಂತ ಕೂತರೆ ಅದೊಂದನ್ನು ಪಕ್ಕಕ್ಕಿಡಿ.

ಬೇಸ್‌ಬಾಯ್:
ಥ್ಯಾಂಕ್ಸ್ ಎಲ್ಲರಿಗೂ. ಫ್ರೀಕಿ ಸ್ಟೈಲಿಯಿಂದ ಶುರು ಮಾಡ್ತೀನಿ. ಆಡಾಸಿಟಿಯಲ್ಲಿ ಕೆಂಪು ಗೆರೆ ಬಿತ್ತು, ಸಿಕ್ಕಾಪಟ್ಟೆ!